ಗೆರೆಯೊಳಗಿನ ಮಣ್ಣು

ನಮ್ಮ ಕೆಳಪೇಟೆಯಲ್ಲಿ ಯಾರಿಗೂ ಮಣ್ಣಿರಲಿಲ್ಲ. ಅಂಗಡಿಗಳ ಮೇಲಿನ ಕೋಣೆಗಳಿದ್ದವು, ಗಿರಣಿಯ ಹಳೇ ಲೈನ್ ಮನೆಗಳಿದ್ದವು. ಒಳಗೆ ಚಪ್ಪಡಿ, ಹೊರಗೆ ಚರಂಡಿ, ಚರಂಡಿಯ ಆಚೆ ಡಾಂಬರು. ತುಳಸಿ ಬೇಕೆನ್ನುವವರು ಎಣ್ಣೆ ಡಬ್ಬದಲ್ಲಿ ನೆಡುತ್ತಿದ್ದರು. ಬೇರೆ ಊರಿನಲ್ಲಾಗಿದ್ದರೆ ಇದನ್ನು ಯಾರೂ ಕೊರತೆ ಎನ್ನುತ್ತಿರಲಿಲ್ಲ. ನಮ್ಮೂರಿನಲ್ಲಿ ಓಟು ಹಾಕುವುದು ಮಣ್ಣಿನಲ್ಲಿ.

ಓಟಿನ ದಿನ ಕೈಯಾರೆ ಒಂದು ಕುಳಿ ತೋಡಬೇಕು, ಆ ಮಣ್ಣನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ತರಬೇಕು, ಬೇಕಾದವರ ತಕ್ಕಡಿಗೆ ಸುರಿಯಬೇಕು. ಒಬ್ಬರಿಗೆ ಒಂದು ಕುಳಿ, ಒಂದು ಹೊರೆ. ಯಾರ ತಕ್ಕಡಿಗೆ ಹೆಚ್ಚು ತೂಕ ಬಿತ್ತೋ ಅವರು ಗೆದ್ದರು. ಓಟಿನ ಕುಳಿ ಆಮೇಲೆ ತುಂಬುವುದಿಲ್ಲ. ಮಣ್ಣು ಸುರಿದರೆ ಇಳಿದುಹೋಗುತ್ತದೆ, ಜಲ್ಲಿ ಸುರಿದರೂ ಅಷ್ಟೇ. ನಮ್ಮದೇ ವಾರ್ಡಿನ, ಮನೆಗೊಂದು ಅಂಗಳವಿದ್ದ ಮೇಲುಬೀದಿಯವರು ಇದಕ್ಕೆ ಒಗ್ಗಿಕೊಂಡಿದ್ದರು. ಅಂಗಳದ ಕುಳಿಗಳಲ್ಲಿ ಈರುಳ್ಳಿ ಇಡುತ್ತಿದ್ದರು, ಕಾವಿಗೆ ಕೋಳಿ ಕೂರಿಸುತ್ತಿದ್ದರು, ನಡೆಯಲು ಕಲಿಯುವ ಮಗುವನ್ನು ಇಳಿಸಿ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಯ ಅಂಗಳದಲ್ಲಿ ಕುಳಿಯ ಆಳ ನೋಡುತ್ತಿದ್ದರು. ಆಳ ಕಡಿಮೆಯಿದ್ದರೆ ಜಗಳಗಂಟರಲ್ಲ ಎಂದು ಲೆಕ್ಕ.

ಕೆಳಪೇಟೆಯವರು ಚಪ್ಪಲಿಯ ಧೂಳನ್ನೇ ತಕ್ಕಡಿಗೆ ಕೊಡವಿ ಬರುತ್ತಿದ್ದರು. ತಕ್ಕಡಿಯ ಅಧಿಕಾರಿ ನಗುತ್ತಿದ್ದ, ನಾವೂ ನಗುತ್ತಿದ್ದೆವು. ಕಳೆದ ಸಲ ನಮ್ಮ ನಾನೂರು ಚಿಲ್ಲರೆ ಜನರ ಓಟು ಒಟ್ಟು ಮೂರು ಕಿಲೋ. ಗೆದ್ದ ಜಂಬಣ್ಣನ ತೂಕ ಹದಿನಾರು ಕ್ವಿಂಟಲ್.

ಆ ಜಂಬಣ್ಣ ಗ್ರೌಂಡಿನ ಪೂರ್ವದ ಗೋಲುಕಂಬಕ್ಕೆ ಒಂದು ನೋಟೀಸು ಅಂಟಿಸಿದ. ಗ್ರೌಂಡ್ ಇರುವ ಜಾಗದಲ್ಲಿ ವ್ಯಾಪಾರ ಸಂಕೀರ್ಣ ಕಟ್ಟುತ್ತೇವೆ, ಆಕ್ಷೇಪಣೆ ಇದ್ದವರು ಚುನಾವಣೆ ಮುಗಿದ ಮೇಲೆ ಹೊಸ ಸದಸ್ಯರಿಗೆ ತಿಳಿಸಬಹುದು ಎಂದಿತ್ತು. ಹೊಸ ಸದಸ್ಯ ತಾನೇ ಎಂದು ಅವನಿಗೆ ಗೊತ್ತಿತ್ತು. ನಮ್ಮೂರಿನಲ್ಲಿ ವಾರ್ಡಿನ ಬಯಲು ವಾರ್ಡಿನ ಸದಸ್ಯನ ಸಹಿಯ ಮೇಲೆ ನಿಂತಿರುತ್ತದೆ. ಚುನಾವಣೆಗೆ ಆರು ವಾರ ಇತ್ತು.

ಆ ಗ್ರೌಂಡ್ ಕೆಳಪೇಟೆ ಇಲೆವೆನ್ ಎನ್ನುವ ನಮ್ಮ ಫುಟ್ಬಾಲ್ ತಂಡದ್ದು. ತಂಡ ದೊಡ್ಡದೇನಲ್ಲ. ನನ್ನ ಆಯುಷ್ಯದಲ್ಲಿ ಒಂದು ಕಪ್ಪನ್ನೂ ಗೆದ್ದದ್ದು ನೋಡಿಲ್ಲ. ಎರಡು ಸಲ ಫೈನಲ್‌ನಲ್ಲಿ ಎರಡು ಗೋಲು ಮುಂದಿದ್ದೂ ಸೋತಿದ್ದೆವು. ಎರಡು ಸಲವೂ ಕಾರಣ ನಾವೇ, ನೋಡುವವರು. ಮುಂದಿದ್ದಾಗ ಸುಮ್ಮನೆ ಚೆಂಡು ಹಿಡಿದುಕೊಂಡು ಹೊತ್ತು ಕಳೆಯಬೇಕು. ನಾವು ಗೋಲಿನ ಹಿಂದೆ ನಿಂತು "ಇನ್ನೊಂದು! ಇನ್ನೊಂದು!" ಎಂದು ಕೂಗುತ್ತಿದ್ದೆವು. ಕೂಗಿಗೆ ಹುಚ್ಚೆದ್ದು ಹನ್ನೊಂದೂ ಜನ ಮುಂದಕ್ಕೆ ಓಡುತ್ತಿದ್ದರು, ಹಿಂದೆ ಗೋಲು ಖಾಲಿ. ಎರಡನೇ ಫೈನಲ್ ಸೋತ ಸಾಯಂಕಾಲವೂ ನಾವು ಬೈದದ್ದು ರೆಫರಿಯನ್ನು.

ನಾನು ಪುರಸಭೆಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದೆ. ಚುನಾವಣೆಯ ನಿಯಮದ ಪುಸ್ತಕ ಒಳಗಿನ ಬೀರುವಿನಲ್ಲಿತ್ತು. ಜವಾನನಿಗೆ ಎರಡು ಅರ್ಜಿ ಬಿಟ್ಟಿಯಾಗಿ ಬರೆದುಕೊಟ್ಟು ಅದನ್ನು ತರಿಸಿ ಓದಿದೆ. ಸ್ವಂತ ನೆಲದ ಮಣ್ಣೇ ತರಬೇಕೆಂದು ಊರಿಗೆ ಊರೇ ನಂಬಿತ್ತು. ಪುಸ್ತಕದಲ್ಲಿ ಹಾಗಿರಲಿಲ್ಲ. "ಮತದಾರನು ತನ್ನ ಬೆವರು ಬಿದ್ದ ನೆಲದ ಮಣ್ಣನ್ನು ತರತಕ್ಕದ್ದು" ಎಂದಿತ್ತು. ನಾನು ಆ ಸಾಲನ್ನು ನಕಲು ಮಾಡಿಕೊಂಡು ಅಬ್ಬಾಸಣ್ಣನ ಗ್ಯಾರೇಜಿಗೆ ಓಡಿದೆ. ಅಬ್ಬಾಸಣ್ಣ ಕ್ಲಬ್ಬಿನ ಕಾರ್ಯದರ್ಶಿ, ಲಾರಿ ಮೆಕ್ಯಾನಿಕ್. ಲಾರಿಯ ಅಡಿಯಿಂದಲೇ ಕೇಳಿದ.

"ಅಂದ್ರೆ ಗ್ರೌಂಡಿನ ಮಣ್ಣು ತಗೊಂಡು ಹೋಗಬಹುದು ಅಂತೀಯಾ?"

"ಆಡಿದೋರು, ಕೂಗಿದೋರು, ಕಡಲೆಕಾಯಿ ಮಾರಿದೋರು, ಎಲ್ಲರ ಬೆವರೂ ಬಿದ್ದಿದೆಯಲ್ಲ ಅಣ್ಣಾ."

ಅಬ್ಬಾಸಣ್ಣ ಹೊರಗೆ ತೆವಳಿ ಬಂದು ನನ್ನ ಕೈಯ ಕಾಗದಕ್ಕೆ ಗ್ರೀಸ್ ಮೆತ್ತಿಸಿಯೇ ಓದಿದ.

ಆ ಭಾನುವಾರ ಗ್ಯಾರೇಜಿನಲ್ಲಿ ಸಭೆ ಸೇರಿತು. ಐರಿನ್ ಅಕ್ಕ ನಿಲ್ಲುವುದೆಂದು ಬೇಗ ತೀರ್ಮಾನವಾಯಿತು. ಆಕೆ ಗ್ರೌಂಡಿನ ಬಾಗಿಲಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು, ಇಪ್ಪತ್ತು ವರ್ಷದಿಂದ ತಂಡದ ಜರ್ಸಿ ಒಗೆಯುತ್ತಿದ್ದಳು, ಯಾರಿಗೂ ಹೆದರುತ್ತಿರಲಿಲ್ಲ. ಮಣ್ಣಿನ ಮಾತು ಬಂದಾಗ ತಿಪ್ಪಯ್ಯಣ್ಣ ಎದ್ದು ನಿಂತ. ಗ್ರೌಂಡ್ ನೋಡಿಕೊಳ್ಳುತ್ತಿದ್ದವನು ಅವನೇ. ಮೂವತ್ತು ವರ್ಷ ಬೇಸಿಗೆ ಬೇಸಿಗೆಗೂ ಕೆರೆಯ ಗೋಡುಮಣ್ಣು ಹೊತ್ತು ತಂದು ಹರಡಿ, ನೀರು ಬಿಟ್ಟು, ರೋಲರ್ ಎಳೆದು, ಬಂಡೆಯ ಮೇಲೆ ಒಂದು ಆಟದ ಮೈದಾನ ಮಾಡಿದ್ದ.

"ಗ್ರೌಂಡ್ ಉಳಿಸೋಕೆ ಗ್ರೌಂಡ್ ತೋಡ್ತೀರಾ? ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಒಳಗಲ್ಲ ತಿಪ್ಪಯ್ಯಣ್ಣ, ಗೋಲಿನ ಹಿಂದೆ. ಜನ ನಿಲ್ಲೋ ಕಡೆ," ಎಂದೆ. ಲೆಕ್ಕ ಹಾಕಿಕೊಂಡೇ ಹೋಗಿದ್ದೆ. "ನಾವು ನಾನೂರ ಹನ್ನೆರಡು ಜನ. ತಲೆಗೆ ಐದೇ ಕಿಲೋ. ಇಪ್ಪತ್ತು ಕ್ವಿಂಟಲ್ ಮೇಲಾಯ್ತು. ಜಂಬಣ್ಣಂದು ಹದಿನಾರು."

"ಅವನು ಈ ಸಲಾನೂ ಹದಿನಾರೇ ತರ್ತಾನೆ ಅಂತ ನಿನಗೆ ಬರಕೊಟ್ಟಿದಾನಾ?"

"ಮೇಲುಬೀದಿಯೋರು ಅಂಗಳ ಕೆಡಿಸ್ಕೊಳ್ಳಲ್ಲ ಅಣ್ಣಾ. ನಲವತ್ತು ವರ್ಷದ ಅಂಕಿ ನೋಡಿದೀನಿ."

ಮರುದಿನ ತಿಪ್ಪಯ್ಯಣ್ಣ ಪಡುವಣ ಗೋಲಿನ ಹಿಂದೆ ಉದ್ದಕ್ಕೂ ಸುಣ್ಣದ ಗೆರೆ ಎಳೆದ. ಗೆರೆಯ ಆಚೆ ನಮ್ಮದು, ಈಚೆ ಆಟದ್ದು. "ಇದನ್ನ ದಾಟಿ ಒಂದು ಚಮಚ ತೆಗೆದ್ರೂ ನಾನು ಸುಮ್ಮನಿರಲ್ಲ," ಎಂದ.

ಪ್ರಚಾರಕ್ಕೆ ನಾವು ಮ್ಯಾಚಿಗೆ ಹೋದ ಹಾಗೆಯೇ ಹೋದೆವು. ತಮಟೆ, ಸೀಟಿ, ನೀಲಿ ಜರ್ಸಿ. ಕೆಳಪೇಟೆಯಲ್ಲಿ ಕಷ್ಟವಾಗಲಿಲ್ಲ. ಅಲ್ಲಿನವರಿಗೆ ಓಟಿತ್ತು, ಅದಕ್ಕೆ ತೂಕವಿರಲಿಲ್ಲ. ಈಗ ಐದು ಕಿಲೋ ಸಿಕ್ಕಿತೆಂದು ಕೆಲವರು ಮನೆಯಲ್ಲಿ ಬುಟ್ಟಿ ಇಟ್ಟುಕೊಂಡು ತೂಗಿ ನೋಡುತ್ತಿದ್ದರು. ಮೇಲುಬೀದಿಗೂ ಹೋಗಿ ಬರೋಣ ಎಂದು ಐರಿನ್ ಅಕ್ಕ ಹಟ ಹಿಡಿದಳು. ಅಲ್ಲಿ ಗೌರಮ್ಮ ಎನ್ನುವ ಹೆಂಗಸು ಅಂಗಳದ ಕುಳಿಯಿಂದ ಈರುಳ್ಳಿ ತೆಗೆಯುತ್ತ ನಮ್ಮನ್ನು ಮಾತಾಡಿಸಿದಳು.

"ಜಂಬಣ್ಣ ನಮಗೊಂದು ಮಳಿಗೆ ಕೊಡ್ತೀನಿ ಅಂದಿದಾನೆ. ನೀವೇನು ಕೊಡ್ತೀರಿ?"

"ಭಾನುವಾರ ಸಾಯಂಕಾಲ ಗಲಾಟೆ ಕೊಡ್ತೀವಿ," ಎಂದಳು ಐರಿನ್ ಅಕ್ಕ.

"ಅದು ಈಗಲೂ ಕೊಡ್ತಾನೇ ಇದ್ದೀರಲ್ಲ ತಾಯಿ." ಗೌರಮ್ಮ ನಕ್ಕಳು. ಆಮೇಲೆ ದನಿ ಇಳಿಸಿದಳು. "ಮಳಿಗೆ ಬೇಕಾದೋರು ತುಂಬಿದ ಬುಟ್ಟಿ ತರಬೇಕಂತೆ. ಯಾರು ಎಷ್ಟು ತಂದ್ರು ಅಂತ ಅವನ ಮನುಷ್ಯ ಬರಕೋತಾನಂತೆ. ನಮ್ಮೋರು ಆಗಲೇ ತುಳಸಿಕಟ್ಟೆ ಪಕ್ಕ ಜಾಗ ನೋಡ್ತಿದಾರೆ."

ವಾಪಸ್ ಬರುವಾಗ ಐರಿನ್ ಅಕ್ಕ ಹೇಳಿದಳು, "ಕೃಪಾ, ನಿನ್ನ ಲೆಕ್ಕ ಇನ್ನೊಂದ್ಸಲ ಹಾಕೋ."

ನಾನು ಹಾಕಲಿಲ್ಲ. ಮಳಿಗೆಯ ಆಸೆಗೆ ಮಂಡಿಯಾಳ ಅಂಗಳ ತೋಡುತ್ತಾರೆಂದು ನಂಬಲು ನಾನು ತಯಾರಿರಲಿಲ್ಲ. ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎನ್ನುವುದು ನಿಜ. ನನಗೆ ಗೊತ್ತಿದ್ದದ್ದು ಅಂಕಿ ಮಾತ್ರ.

ತೂಕ ನಡೆದದ್ದು ಹಳೇ ಹತ್ತಿ ಗೋದಾಮಿನಲ್ಲಿ, ಗ್ರೌಂಡಿನಿಂದ ಅರ್ಧ ಮೈಲಿ. ಬೆಳಿಗ್ಗೆ ಏಳರಿಂದ ಸಾಯಂಕಾಲ ಐದು. ಅಭ್ಯರ್ಥಿಗಳು ತೂಕ ಮುಗಿಯುವವರೆಗೂ ಒಳಕೋಣೆಯಲ್ಲಿ ಕೂತಿರಬೇಕು, ಯಾರ ಮುಖವನ್ನೂ ನೋಡುವ ಹಾಗಿಲ್ಲ. ಏಜೆಂಟ್ ಒಬ್ಬ ಮಾತ್ರ ಹೋಗಿ ಬಂದು ಸುದ್ದಿ ಹೇಳಬಹುದು. ನಮ್ಮ ಏಜೆಂಟ್ ನಾನು. ಅರ್ಧ ಗಂಟೆಗೊಮ್ಮೆ ಹೊರಗಿನ ಕರಿಹಲಗೆಯ ಮೇಲೆ ಇಬ್ಬರ ತೂಕವನ್ನೂ ಬರೆಯುತ್ತಿದ್ದರು.

ಮೊದಲು ನಮ್ಮ ಮುದುಕರು, ಹೆಂಗಸರು ಬಂದರು. ಅಧಿಕಾರಿ ಪ್ರತಿಯೊಬ್ಬರನ್ನೂ ತಡೆದ. "ಎಲ್ಲಿಯ ಮಣ್ಣು?" "ಗ್ರೌಂಡಿಂದು." "ಬೆವರು?" "ನಂದೇ." ಲೈನ್ ಮನೆಯ ಒಬ್ಬ ಮುದುಕನನ್ನು ಅವನು ಬಿಡಲಿಲ್ಲ. "ನೀನು ಆಡಿದೋನಾ?" "ಇಲ್ಲ ಸಾರ್, ಕೂಗಿದೋನು." "ಕೂಗಿದ್ರೆ ಬೆವರು ಬರುತ್ತಾ?" "ನಮ್ಮ ತಂಡ ಆಡೋದನ್ನ ನೋಡಿದ್ರೆ ಬರುತ್ತೆ ಸಾರ್." ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ಪುಸ್ತಕ ತೆರೆದು ಆ ಸಾಲನ್ನು ಓದಿದ, ಮತ್ತೆ ಓದಿದ, ಕೈ ಆಡಿಸಿ ಬಿಟ್ಟ.

ಹನ್ನೆರಡು ಗಂಟೆಗೆ ನಮ್ಮವರು ಇನ್ನೂರ ಐವತ್ತು ಜನ ಸುರಿದಿದ್ದರು. ಹಲಗೆಯ ಮೇಲೆ ನಮ್ಮದು ಹನ್ನೆರಡೂವರೆ ಕ್ವಿಂಟಲ್. ಜಂಬಣ್ಣನದು ಇಪ್ಪತ್ತೇಳು.

ನಾನು ಹಲಗೆಯ ಹತ್ತಿರ ಹೋಗಿ ಅಂಕಿಯನ್ನು ಬೆರಳಿಟ್ಟು ನೋಡಿದೆ. ಮೇಲುಬೀದಿಯ ಗಂಡಸರು ಇಪ್ಪತ್ತೈದು ಕಿಲೋ ಬುಟ್ಟಿ ಹೊತ್ತು ಕುತ್ತಿಗೆ ಒಳಗೆ ಹೋದಂತೆ ನಡೆದು ಬರುತ್ತಿದ್ದರು. ಸುರಿದ ಮಣ್ಣಿನಲ್ಲಿ ದಾಸವಾಳದ ಬೇರು, ಈರುಳ್ಳಿ ಸಿಪ್ಪೆ ಕಾಣುತ್ತಿತ್ತು. ತಕ್ಕಡಿಯ ಪಕ್ಕ ನಿಂತ ಜಂಬಣ್ಣನ ಮನುಷ್ಯ ಹೆಸರು ಬರೆದುಕೊಳ್ಳುತ್ತಿದ್ದ.

ನಮ್ಮ ಕಡೆ ನೂರ ಅರವತ್ತೆರಡು ಜನ ಉಳಿದಿದ್ದರು. ಗಿರಣಿಯ ಬೆಳಗಿನ ಪಾಳಿ ಮುಗಿಸಿ ಬರುವ ಗಟ್ಟಿಗರು. ಅವರೂ ಬುಟ್ಟಿ ತುಂಬಿದರೆ ಗೆಲ್ಲಬಹುದಿತ್ತು. ಗೆರೆಯ ಆಚೆ ತುಂಬುವಷ್ಟು ಮಣ್ಣಿರಲಿಲ್ಲ. ಅಲ್ಲಿ ಒಂದು ಗೇಣು ಮಣ್ಣು, ಕೆಳಗೆ ಬಂಡೆ. ಆಳವಾದ ಮಣ್ಣಿದ್ದದ್ದು ಗೆರೆಯ ಈಚೆಗೆ.

ಗ್ರೌಂಡಿಗೆ ಓಡಿದೆ. ಗಿರಣಿಯವರು ಬುಟ್ಟಿ, ಹಾರೆ ಹಿಡಿದು ನಿಂತಿದ್ದರು. ಅಬ್ಬಾಸಣ್ಣ ಅಂಕಿ ಕೇಳಿದ, ಹೇಳಿದೆ. ಎಲ್ಲರೂ ತಿಪ್ಪಯ್ಯಣ್ಣನ ಕಡೆ ತಿರುಗಿದರು. ಅವನು ಗೆರೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ.

"ತೋಡದೇ ಇದ್ರೆ ಇಲ್ಲಿ ಮಳಿಗೆ ಕಟ್ತಾರೆ," ಎಂದ ಅಬ್ಬಾಸಣ್ಣ. "ನೀನೇ ಹೇಳು ತಿಪ್ಪಯ್ಯ. ಬೇಡ ಅಂದ್ರೆ ಬೇಡ."

ತಿಪ್ಪಯ್ಯಣ್ಣ ಎದ್ದ. ಸುಣ್ಣದ ಬಕೆಟ್ ತಂದು ಮೈದಾನವನ್ನು ಅಡ್ಡಕ್ಕೆ ಎರಡು ಮಾಡುವ ಮಧ್ಯದ ಗೆರೆಗೆ ಹೋದ. ಅದರ ಮೇಲೆ ಇನ್ನೊಂದು ಸಲ ಸುಣ್ಣ ಎಳೆದು ದಪ್ಪ ಮಾಡಿದ. "ಪಡುವಣ ಅರ್ಧ ತಗೊಳ್ಳಿ. ಮೂಡಣ ಅರ್ಧ ಮುಟ್ಟಬೇಡಿ. ಅಷ್ಟಿದ್ರೆ ಏಳೇಳು ಜನ ಅಡ್ಡಕ್ಕೆ ಆಡಬಹುದು. ಹುಡುಗರು ಕಲೀಬಹುದು." ಅಷ್ಟು ಹೇಳಿ ಬೇರೆ ಕಡೆ ಮುಖ ಮಾಡಿ ನಿಂತ. ಮೊದಲ ಹಾರೆ ಬಿದ್ದಾಗ ಅವನ ಹೆಗಲು ಒಂದು ಸಲ ಮೇಲೆದ್ದು ಇಳಿಯಿತು.

ಆಮೇಲಿನ ಮೂರು ಗಂಟೆ ನಾನು ಗೋದಾಮಿಗೂ ಗ್ರೌಂಡಿಗೂ ಓಡುತ್ತಲೇ ಇದ್ದೆ. ಒಂದು ಗಂಟೆಗೆ ಹದಿನಾರು, ಎರಡಕ್ಕೆ ಇಪ್ಪತ್ತಮೂರು, ಮೂರಕ್ಕೆ ಮೂವತ್ತು. ಜಂಬಣ್ಣನದು ಮೂವತ್ತರ ಹತ್ತಿರ ನಿಧಾನವಾಯಿತು. ಬುಟ್ಟಿ ಸುರಿದ ನಮ್ಮವರು ಯಾರೂ ವಾಪಸ್ ಹೋಗಲಿಲ್ಲ, ಹಲಗೆಯ ಮುಂದೆಯೇ ಗುಂಪು ಕಟ್ಟಿ ನಿಂತರು. ನಮ್ಮ ತೂಕ ಅವನದನ್ನು ದಾಟಿದಾಗ ಗೋಲು ಬಿದ್ದಂತೆ ಹಾರಿದರು. ಮೂರೂವರೆಗೆ ಬಳಪದಲ್ಲಿ ಬರೆದರು, ನಮ್ಮದು ಮೂವತ್ತೈದು, ಅವನದು ಮೂವತ್ತೂವರೆ. ಗುಂಪು ತಾನಾಗಿಯೇ ಶುರು ಮಾಡಿತು. "ಇನ್ನೊಂದು! ಇನ್ನೊಂದು!"

ಅಧಿಕಾರಿಯ ಪಟ್ಟಿ ನೋಡಿದೆ. ಜಂಬಣ್ಣನ ಕಡೆ ಬರಲು ಉಳಿದವರು ಇಬ್ಬರೇ. ಅವರು ಆನೆಯಂತೆ ಹೊತ್ತು ತಂದರೂ ಒಂದು ಕ್ವಿಂಟಲ್ ಆಗದು. ಒಳಕೋಣೆಗೆ ಹೋಗಿ ಐರಿನ್ ಅಕ್ಕನಿಗೆ ಹೇಳಿದೆ. ಆಕೆ ಬೆಂಚಿನಿಂದ ಎದ್ದೇಬಿಟ್ಟಳು.

"ಹಾಗಾದ್ರೆ ಓಡು. ನಿಲ್ಲಿಸಿ ಅನ್ನು. ಉಳಿದೋರು ಚಪ್ಪಲಿ ಧೂಳು ತಂದ್ರೂ ಸಾಕು. ಓಡೋ, ನನ್ನ ಮುಖ ಏನು ನೋಡ್ತೀಯಾ?"

ಓಡಿದೆ. ಅರ್ಧ ಮೈಲಿ ಓಡಲು ನನಗೆ ಐದಾರು ನಿಮಿಷ ಬೇಕು. ಅಷ್ಟರಲ್ಲಿ ನನ್ನೊಳಗೆ ಏನಾಯಿತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ದೊಡ್ಡದೇನೂ ಆಗಲಿಲ್ಲ. ಹಿಂದೆ ಆ ಕೂಗು ಕೇಳುತ್ತಿತ್ತು. ಮೂವತ್ತೈದು ಎನ್ನುವ ಅಂಕಿ ಕಣ್ಣಮುಂದಿತ್ತು. ನಮ್ಮ ಪೇಟೆಯ ಹೆಸರಿನ ಮುಂದೆ ನನ್ನಪ್ಪನ ಕಾಲದಿಂದ ಒಂದು, ಎರಡು, ಮೂರು ಕಿಲೋ ಎಂದು ಬರೆದಿದ್ದರು. ಐವತ್ತು ಕ್ವಿಂಟಲ್ ಎಂದು ಬರೆಯುವುದನ್ನು ನೋಡಬೇಕೆನಿಸಿತು. ಜಂಬಣ್ಣ ಇನ್ನು ಮುಂದೆ ಈ ಕಡೆ ತಲೆ ಹಾಕಬಾರದು ಎನಿಸಿತು. ಅಷ್ಟೇ.

ಪಡುವಣ ಅರ್ಧದಲ್ಲಿ ಮಂಡಿಯಾಳದ ಕುಳಿಗಳು ಸಾಲು ಸಾಲಾಗಿ ಮಧ್ಯದ ಗೆರೆಯವರೆಗೆ ಬಂದಿದ್ದವು. ಆ ಅರ್ಧದಲ್ಲಿ ಬುಟ್ಟಿ ತುಂಬುವಷ್ಟು ಆಳದ ಮಣ್ಣು ಇನ್ನೆಲ್ಲೂ ಉಳಿದಿರಲಿಲ್ಲ. ಎಪ್ಪತ್ತೆರಡು ಜನ ಗೆರೆಯ ಮೇಲೆ ಹಾರೆ ಊರಿ ನನಗಾಗಿ ಕಾಯುತ್ತಿದ್ದರು.

"ಏನಾಯ್ತೋ? ಸಾಕಾ?" ಎಂದ ಅಬ್ಬಾಸಣ್ಣ.

"ಸಾಲದು," ಎಂದೆ.

"ಎಷ್ಟು ಕಮ್ಮಿ?"

"ಹತ್ತಿರ ಇದ್ದೀವಿ. ಎಲ್ಲರೂ ತರಬೇಕು."

ಎಲ್ಲರೂ ಹಾರೆ ಎತ್ತಿಕೊಂಡರು. ಗೆರೆ ದಾಟುವಾಗ ಕೆಲವರು ಚಪ್ಪಲಿ ಬಿಟ್ಟರು. ತಿಪ್ಪಯ್ಯಣ್ಣ ನನ್ನ ಹತ್ತಿರ ಬಂದ. ಅವನೂ ಇನ್ನೂ ಓಟು ಹಾಕಿರಲಿಲ್ಲ.

"ನಿಜ ಹೇಳು ಕೃಪಾ. ನೀನೇ ಕಣ್ಣಾರೆ ನೋಡಿದ್ದಾ?"

"ನೋಡಿದೆ ಅಣ್ಣಾ."

ಅವನು ತಲೆಯಾಡಿಸಿದ. ಎಲ್ಲರೂ ತೋಡಿ ಹೊರಡುವವರೆಗೆ ಕಾದ. ಪೆನಾಲ್ಟಿ ಪೆಟ್ಟಿಗೆ, ಕಾರ್ನರ್, ಗೋಲಿನ ಬಾಯಿ, ಎಲ್ಲ ಕಡೆ ಕುಳಿಯಾಗಿತ್ತು. ಆಟ ಶುರುವಾಗುವಾಗ ಚೆಂಡು ಇಡುವ ಮಧ್ಯದ ಚುಕ್ಕೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ತಿಪ್ಪಯ್ಯಣ್ಣ ಅಲ್ಲಿ ಹಾರೆ ಹಾಕಿದ. ಮೂವತ್ತು ವರ್ಷದ ಗೋಡು ಪದರ ಪದರವಾಗಿ ಬಂತು, ಕಪ್ಪಗೆ, ಒಂದು ಕಲ್ಲೂ ಇಲ್ಲದೆ. ಬುಟ್ಟಿಯನ್ನು ಅವನ ತಲೆಗೆ ಎತ್ತಿಕೊಟ್ಟದ್ದು ನಾನೇ. ಹಿಂದೆಯೇ ನಡೆದೆ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಗೋದಾಮು ಮುಟ್ಟಿದೆವು. ಗುಂಪು ಇನ್ನೂ ಕೂಗುತ್ತಿತ್ತು. ತಿಪ್ಪಯ್ಯಣ್ಣ ಬುಟ್ಟಿ ಹೊತ್ತೇ ಹಲಗೆಯ ಮುಂದೆ ನಿಂತ. ಆ ದಿನದ ಅಂಕಿಗಳೆಲ್ಲ ಹೊತ್ತಿನ ಸಮೇತ ಒಂದರ ಕೆಳಗೊಂದು ಇದ್ದವು. ಕೊನೆಯ ಸಾಲಿನಲ್ಲಿ ನಮ್ಮದು ಐವತ್ತೆರಡು ಮುಕ್ಕಾಲು, ಜಂಬಣ್ಣನದು ಮೂವತ್ತೊಂದು. ತಿಪ್ಪಯ್ಯಣ್ಣ ಕೆಳಗಿನಿಂದ ಮೇಲಕ್ಕೆ ಓದಿದ. ತಲೆಯ ಮೇಲೆ ಭಾರವಿದ್ದುದರಿಂದ ಕಣ್ಣು ಮಾತ್ರ ಚಲಿಸಿತು. ಮೂರೂವರೆಯ ಸಾಲಿನಲ್ಲಿ ಅದು ನಿಂತಿತು.

"ಹಾಕೋ ತಿಪ್ಪಯ್ಯಾ, ಐವತ್ತಮೂರಾಗಲಿ!" ಎಂದು ಯಾರೋ ಕೂಗಿದರು. ತೋಡಿದ್ದನ್ನು ತಿರುಗಿ ಹಾಕಿದರೆ ನೆಲ ಹಿಡಿಯುವುದಿಲ್ಲ. ಅವನು ಹೋಗಿ ಸುರಿದ. ಎಲ್ಲಿಯ ಮಣ್ಣು ಎಂದು ಅಧಿಕಾರಿ ಕೇಳಿದ, ಅವನು ಖಾಲಿ ಬುಟ್ಟಿ ಎತ್ತಿಕೊಂಡ. ಅಧಿಕಾರಿ ಅವನ ಮುಖ ನೋಡಿ ಮುಂದಕ್ಕೆ ಬಿಟ್ಟ.

ಇಪ್ಪತ್ತೆರಡು ಕ್ವಿಂಟಲ್ ಅಂತರದಿಂದ ಗೆದ್ದೆವು. ಐರಿನ್ ಅಕ್ಕ ಒಳಕೋಣೆಯಿಂದ ಹೊರಬಂದು ಹಲಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹಾರ ಹಾಕಲು ಬಂದವರನ್ನು ಪಕ್ಕಕ್ಕೆ ಸರಿಸಿ ನನ್ನ ಕೆನ್ನೆಗೆ ಹೊಡೆದಳು. ಖುಷಿಗೆ ಹೊಡೆದಳೆಂದು ಜನ ಚಪ್ಪಾಳೆ ತಟ್ಟಿದರು. ಮೂರನೇ ದಿನ ಆಕೆ ಪುರಸಭೆಯಲ್ಲಿ ಸಹಿ ಹಾಕಿದಳು. ಸದರಿ ಜಾಗವು ಶಾಶ್ವತವಾಗಿ ಫುಟ್ಬಾಲ್ ಮೈದಾನವಾಗಿಯೇ ಇರತಕ್ಕದ್ದು. ಆ ಆದೇಶ ಬರೆದದ್ದೂ ನಾನೇ, ಆಕೆ ಹೇಳಿದಂತೆ, ಮುಖ ಎತ್ತದೆ.

ಭಾನುವಾರ ತಂಡದವರು ಜರ್ಸಿ ಹಾಕಿಕೊಂಡು ಬಂದರು. ಜನವೂ ಬಂದರು. ಒಬ್ಬ ಚೆಂಡು ಒದ್ದ. ಅದು ಎರಡು ಸಲ ಪುಟಿದು ಕುಳಿಯೊಳಗೆ ಹೋಯಿತು. ತೆಗೆದು ಮತ್ತೆ ಒದ್ದ, ಮತ್ತೆ ಹೋಯಿತು. ಹಾಸುಗಲ್ಲಿನಿಂದ ಮುಚ್ಚಬಹುದು ಎಂದರು ಕೆಲವರು, ಕಲ್ಲಿನ ಮೇಲೆ ಯಾರು ಬೀಳುತ್ತಾರೆ ಎಂದರು ಇನ್ನು ಕೆಲವರು. ಅರ್ಧ ಗಂಟೆಯಲ್ಲಿ ಎಲ್ಲರೂ ಹೋದರು. ಅಬ್ಬಾಸಣ್ಣ ನನ್ನನ್ನು ದಾಟಿ ಹೋಗುವಾಗ, "ನಾನೂ ಒಂದ್ಸಲ ಹೋಗಿ ನೋಡ್ಕೊಂಡು ಬರಬೇಕಿತ್ತು," ಎಂದ. ಅದನ್ನು ನನಗೇ ಹೇಳಿದನೋ ಇಲ್ಲವೋ ತಿಳಿಯಲಿಲ್ಲ.

ತಿಪ್ಪಯ್ಯಣ್ಣ ಉಳಿದ, ನಾನೂ ಉಳಿದೆ. ಅವನು ಸುಣ್ಣದ ಬಕೆಟ್ ತಂದು ನನ್ನ ಮುಂದಿಟ್ಟ.

"ಮೂರೂವರೆಗೆ ಅವನ ಕಡೆ ಎಷ್ಟು ಜನ ಬಾಕಿ ಇದ್ರು?"

"ಇಬ್ಬರು."

"ಪಟ್ಟಿ ನೋಡಿದ್ಯಾ?"

"ನೋಡಿದ್ದೆ."

"ಎಣಿಸು," ಎಂದ. "ಒಂದೊಂದಕ್ಕೂ ಪಕ್ಕದಲ್ಲಿ ಚುಕ್ಕೆ ಇಡು. ತಪ್ಪಿಸಬೇಡ."

ಎಣಿಸಿದೆ. ಪಡುವಣ ಅರ್ಧದಲ್ಲಿ ತೊಂಬತ್ತು. ಮೂಡಣ ಅರ್ಧದಲ್ಲಿ, ಮಧ್ಯದ ಚುಕ್ಕೆಯದೂ ಸೇರಿ, ಎಪ್ಪತ್ತೆರಡು.